ಅಣ್ಣನ ಹೆಸರಿನ ಕಣ್ಣು

ಪಾಲಾಕ್ಷಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಹರಪನಹಳ್ಳಿಯ ಆ ಓಣಿಯ ನಾಯಿಗಳಿಗೂ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ. ಒಬ್ಬ ಅವನಿಗೆ ಸಂಬಳ ಕೊಡುವ ಶಾಲೆಯ ಕಾರ್ಯದರ್ಶಿ ಚೌಡಣ್ಣ, ಇನ್ನೊಬ್ಬ ಸ್ವತಃ ಪಾಲಾಕ್ಷಪ್ಪ. ಬೆಳಿಗ್ಗೆ ಎದ್ದು ಮಾತ್ರೆ ಬಾಯಿಗೆ ಎಸೆದುಕೊಳ್ಳುವಾಗಲೂ ಆ ಮಹಾನುಭಾವ "ಇದು ಶಕ್ತಿ ಗುಳಿಗಿ" ಎಂದು ಹೇಳಿಕೊಂಡೇ ನುಂಗುತ್ತಿದ್ದ. ಹೆಂಡತಿ ಭರಮಮ್ಮ ಅದನ್ನು ನೋಡಿ ನೋಡಿ ಸಾಕಾಗಿ, ನಗುವುದನ್ನೂ ಬಿಟ್ಟಿದ್ದಳು.

ಭರಮಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ತವರು ಕೋಗಳಿ. ಮಕ್ಕಳಿಗೆ ಸಾರು ಕುದಿಸಿ ಕುದಿಸಿ ಅವಳ ಮಾತೂ ಅದೇ ಹದಕ್ಕೆ ಬಂದಿತ್ತು, ಬಿಸಿ ಮತ್ತು ಖಾರ. ಸುಳ್ಳು ಹೇಳುವವರನ್ನು ಕಂಡರೆ ಬೇರೆಯವರಿಗೆ ಸಿಟ್ಟು ಬರುತ್ತದೆ, ಅವಳಿಗೆ ಹೇಸಿಗೆ ಬರುತ್ತಿತ್ತು. ಅಂಥವಳಿಗೆ ಗಂಟು ಬಿದ್ದ ಗಂಡ ಎಂಥವನು ನೋಡಿ! ಹುಣ್ಣಿಮೆಯ ದಿನ ಬುದ್ಧ ವಿಹಾರದಲ್ಲಿ ಎಲ್ಲರೂ ಕೂತು ಪಂಚಶೀಲ ಹೇಳುವಾಗ, ಸುಳ್ಳಾಡುವುದಿಲ್ಲ ಎಂಬ ಸಾಲನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ಇವನೇ.

ಕೆಲಸವೇನೆಂದರೆ ಖಾಸಗಿ ಶಾಲೆಯೊಂದರ ಹಳದಿ ಬಸ್ಸು ಓಡಿಸುವುದು. ಬೆಳಿಗ್ಗೆ ಉಚ್ಚಂಗಿದುರ್ಗದ ಕಡೆಯ ಹಳ್ಳಿಗಳಿಂದ ಮಕ್ಕಳನ್ನು ತುಂಬಿಕೊಂಡು ಬರಬೇಕು, ಸಂಜೆ ವಾಪಸ್ ಬಿಡಬೇಕು. ಅಷ್ಟಕ್ಕೇ ಅವನ ಠೀವಿ ಏನು, ಕೊರಳಿಗೆ ಸುತ್ತಿದ ಟವೆಲ್ ಏನು, ಹಾರನ್ ಹೊಡೆಯುವ ದರ್ಪವೇನು! ಶಾಲೆಯವರು ವರ್ಷಕ್ಕೊಮ್ಮೆ ಚಾಲಕರ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು. ಅದಕ್ಕೆ ವಾರ ಮುಂಚೆ ಪಾಲಾಕ್ಷಪ್ಪ ಅನ್ನ ಬಿಡುತ್ತಿದ್ದ, ಚಹಾ ಬಿಡುತ್ತಿದ್ದ, ಹಾಗಲಕಾಯಿ ರಸ ಕುಡಿದು ಮುಖ ಕಿವುಚುತ್ತಿದ್ದ. ಪರೀಕ್ಷೆ ಪಾಸಾದ ಸಂಜೆಯೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಂಡಕ್ಕಿ, ಮಿರ್ಚಿ, ಮೇಲೊಂದು ಜಿಲೇಬಿ. "ನಾರ್ಮಲ್ ಬಂದೈತಿ" ಎಂದು ಮೀಸೆ ಒರೆಸಿಕೊಳ್ಳುತ್ತ ಮನೆಗೆ ಬರುತ್ತಿದ್ದ. ಥೂ, ಯಾರಿಗೆ ಮೋಸ ಮಾಡಿದೆಯೋ ಮಾರಾಯ ಎಂದು ಭರಮಮ್ಮ ರೊಟ್ಟಿ ತಟ್ಟುವ ಸದ್ದನ್ನು ಇನ್ನಷ್ಟು ಜೋರು ಮಾಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಹೊಸ ಪೀಕಲಾಟ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ಖಾಸಗಿ ಶಾಲೆಗಳವರು ಸೇರಿ ಒಂದು ತೀರ್ಮಾನ ಮಾಡಿದರು. ಬಸ್ಸು ಓಡಿಸುವವರೆಲ್ಲ ಕೊಟ್ಟೂರಿನ ಕಲ್ಯಾಣ ಮಂಟಪಕ್ಕೆ ಹೋಗಿ ಕಣ್ಣಿನ ಫೋಟೊ ತೆಗೆಸಿಕೊಂಡು ಬರಬೇಕು. ಮುಖದ ಫೋಟೊ ಅಲ್ಲ, ಕಣ್ಣಿನ ಒಳಗಡೆಯ ಪರದೆಯದು. ಸಕ್ಕರೆ ಕಾಯಿಲೆ ಆ ಪರದೆಯನ್ನು ಎಷ್ಟು ತಿಂದಿದೆ ಎನ್ನುವುದು ಅದರಲ್ಲಿ ಕಾಣುತ್ತದಂತೆ.

"ರಕ್ತ ಆದ್ರ ವಾರ ಬಾಯಿ ಕಟ್ಟಬಹುದು. ಕಣ್ಣಿಗಿ ಏನು ಉಪಾಸ ಹಾಕ್ಲಿ?" ಎಂದು ಪಾಲಾಕ್ಷಪ್ಪ ತಮ್ಮನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ.

ತಮ್ಮ ಭೀಮೇಶ್ ಹಡಗಲಿ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡು ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವನು. ಸುಟ್ಟುಹೋದ ಮೋಟಾರಿನ ಹೊಟ್ಟೆ ಬಗೆದು, ಕೂದಲಿನಂಥ ತಾಮ್ರದ ತಂತಿಯನ್ನು ಒಂದೊಂದಾಗಿ ಸುತ್ತಿ ಕೂರಿಸುವ ಕೆಲಸ. ಕೈಗಿಂತ ಹೆಚ್ಚು ಕಣ್ಣಿನ ಕೆಲಸ. ಅಪ್ಪ ಗಂಗಪ್ಪ ತೀರಿಕೊಂಡಾಗ ಭೀಮೇಶ್ ಇನ್ನೂ ಚಡ್ಡಿ ಹಾಕುವ ಹುಡುಗ. ಲಾರಿ ಕ್ಲೀನರ್ ಆಗಿ ದುಡಿದು ಅವನನ್ನು ಐಟಿಐ ಓದಿಸಿದ್ದು ಪಾಲಾಕ್ಷಪ್ಪನೇ, ಅದು ಸುಳ್ಳಲ್ಲ. ಆ ಒಂದು ಉಪಕಾರವನ್ನು ಹಿಡಿದುಕೊಂಡು ಭೀಮೇಶ್ ಅಣ್ಣನ ಮಾತಿಗೆ ಇವತ್ತಿನವರೆಗೂ ಎದುರಾಡಿದವನಲ್ಲ. ಅಣ್ಣ ಹಗಲನ್ನು ರಾತ್ರಿ ಅಂದರೆ ಇವನು ದೀಪ ಹಚ್ಚುವವನು.

"ಅದಕ್ಯಾಕ ಚಿಂತಿ ಮಾಡ್ತೀ ಅಣ್ಣ? ನಂಗ ಸಕ್ಕರಿ ಗಿಕ್ಕರಿ ಏನೂ ಇಲ್ಲ. ನಿನ್ನ ಹೆಸರು ಹೇಳಿ ನಾ ಹೋಗಿ ಕುಂದರ್ತೀನಿ ಬಿಡು," ಎಂದ ಭೀಮೇಶ್.

ಜನ್ಮದಲ್ಲಿ ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸಿದವನಲ್ಲ. ಮಾಡಿಸದವನಿಗೆ ಕಾಯಿಲೆ ಎಲ್ಲಿಂದ ಗೊತ್ತಾಗಬೇಕು? ಒಂದು ವರ್ಷದಿಂದ ಅವನ ಅಂಗಿ ಸಡಿಲಾಗಿತ್ತು, ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದ, ಅಂಗಡಿಯ ಹಿಂದಿನ ಗೋಡೆಗೆ ಗಳಿಗೆಗೊಮ್ಮೆ ಹೋಗಿ ಬರುತ್ತಿದ್ದ. ಕೇಳಿದರೆ "ಬಿಸಲು ಅತ್ತಿಗಿ" ಎನ್ನುತ್ತಿದ್ದ.

ಭರಮಮ್ಮ ಅವತ್ತೇ ಉಗಿದಳು. "ಆತು, ಫೋಟೊಕ್ಕ ತಮ್ಮನ್ನ ಕಳಸು. ನಾಳಿ ಸುಡುಗಾಡಿಗೂ ಇವನ್ನೇ ಕಳಸು."

"ಬಾಯಿ ಮುಚ್ಚಲೇ. ಬಸ್ಸಿನ ಹೊಗಿ ಸರ್ಟಿಫಿಕೇಟ್ ಹೆಂಗ ಬರ್ತೈತಿ ಗೊತ್ತೇನು ನಿಂಗ? ನಳಿಗಿ ಇಡೋದು ಯಾವುದೋ ಗಾಡಿಗಿ, ಚೀಟಿ ಬರೋದು ನಮ್ಮ ಬಸ್ಸಿನ ಹೆಸರಿಗಿ. ಇದೂ ಹಂಗ," ಎಂದ ಪಾಲಾಕ್ಷಪ್ಪ. ಅಣ್ಣನ ಬುದ್ಧಿಗೆ ತಮ್ಮ ತಲೆದೂಗಿದ.

ಹೀಗೆ ಭೀಮೇಶ್ ಅಣ್ಣನ ಆಧಾರ್ ಕಾರ್ಡಿನ ಜೆರಾಕ್ಸ್ ಜೇಬಿಗಿಟ್ಟುಕೊಂಡು ಬೈಕ್ ಹತ್ತಿ ಕೊಟ್ಟೂರಿಗೆ ಹೋದ. ಜೆರಾಕ್ಸಿನ ಆ ಕರಿ ಮುಖ ಪಾಲಾಕ್ಷಪ್ಪನದೂ ಹೌದು, ಭೀಮೇಶನದೂ ಹೌದು, ಬೇಕಾದರೆ ಚೌಡಣ್ಣನದೂ ಹೌದು.

ಸಂಜೆ ಅವನು ವಾಪಸ್ ಬಂದಾಗ ಮುಖದಲ್ಲಿ ಕಳೆ ಇರಲಿಲ್ಲ. ಭರಮಮ್ಮ ಒಲೆಯ ಮುಂದಿದ್ದಳು. ಭೀಮೇಶ್ ಅಣ್ಣನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದ. ಬೆಳಗಿನಿಂದ ಮಧ್ಯಾಹ್ನದವರೆಗೆ ಬರೀ ಹಾರ, ಶಾಲು, ಭಾಷಣ. ಡ್ರೈವರ್‌ಗಳ ಕಣ್ಣಿನ ಫೋಟೊಕ್ಕಿಂತ ವೇದಿಕೆಯ ಮೇಲಿನ ದೊಡ್ಡವರ ಹಲ್ಲಿನ ಫೋಟೊಗಳೇ ಹೆಚ್ಚು. ಆಮೇಲೆ ಮುಬೀನಾ ಎನ್ನುವ ಹುಡುಗಿ ಇವನನ್ನು ಯಂತ್ರದ ಮುಂದೆ ಕೂರಿಸಿ, ಗದ್ದವನ್ನು ಅದರ ಮೇಲಿಡಿಸಿ, ಒಂದೊಂದು ಕಣ್ಣಿಗೂ ಫಳ್ ಎಂದು ಮಿಂಚು ಹೊಡೆಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಕಿತ್ತಳೆ ಬಣ್ಣದ ಗುಂಡನೆಯ ಚಿತ್ರ ಬಂತು. ಒಳಗೆ ಕೆಂಪು ದಾರಗಳು, ಅಲ್ಲಲ್ಲಿ ರಕ್ತದ ಕಲೆ. ಅವಳು ಅದನ್ನು ದೊಡ್ಡದು ಮಾಡಿ ನೋಡಿ, "ಸಕ್ಕರಿ ಎಷ್ಟು ವರ್ಷದಿಂದ ಐತ್ರಿ?" ಅಂದಳು. ಇವನು ಅಣ್ಣನ ಲೆಕ್ಕದಲ್ಲಿ ಹತ್ತು ವರ್ಷ ಎಂದ.

"ಆಕಿ ಏನಂದಳು ಗೊತ್ತೇನಣ್ಣ?" ಎಂದ ಭೀಮೇಶ್. "ತಡ ಮಾಡಬ್ಯಾಡ್ರಿ, ಈ ವಾರದಾಗ ದಾವಣಗೆರಿಗಿ ಹೋಗ್ರಿ, ಎರಡೂ ಕಣ್ಣಾಗ ರಕ್ತ ಸೋರಾಕತ್ತೈತಿ ಅಂದಳು. ಶಾಲಿಗೂ ತಿಳಿಸ್ತೀವಿ ಅಂದಳು. ನಿನ್ನ ಕಣ್ಣು ಹಿಂಗ ಆಗ್ಯಾವ ಅಂತ ನಂಗ ಗೊತ್ತೇ ಇರಲಿಲ್ಲಣ್ಣ. ದಾರಿ ತುಂಬ ಅತ್ಗಂತ ಬಂದೀನಿ."

ಪಾಲಾಕ್ಷಪ್ಪ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು "ಹೋತಲ್ಲೋ, ನನ್ನ ಕೆಲಸ ಹೋತಲ್ಲೋ" ಎಂದು ಗೋಳಾಡಿದ. ತಮ್ಮ ಅವನ ಬೆನ್ನು ಸವರಿದ. ಅಣ್ಣ ತಮ್ಮ ಇಬ್ಬರೂ ಸತ್ತವರ ಮನೆಯಲ್ಲಿ ಕೂತವರಂತೆ ಕೂತರು.

ಭರಮಮ್ಮ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಪರಾತಕ್ಕೆ ದೊಪ್ಪನೆ ಹಾಕಿ ಎದ್ದು ಬಂದಳು.

"ಭೀಮೇಶಿ, ಅಲ್ಲಿ ಗದ್ದ ಇಟ್ಟು ಕುಂತಾವ ಯಾರು?"

"ನಾನು, ಅತ್ತಿಗಿ."

"ಮಿಂಚು ಹೊಡದಿದ್ದು ಯಾರ ಕಣ್ಣಿಗಿ?"

"ನನ್ನ ಕಣ್ಣಿಗಿ."

"ಮತ್ತ ರಕ್ತ ಸೋರಾಕತ್ತಿದ್ದು?"

"ಅಣ್ಣನ ಕಣ್ಣಾಗ," ಎಂದ ಭೀಮೇಶ್, ಕಣ್ಣೊರೆಸಿಕೊಳ್ಳುತ್ತ.

ಅಯ್ಯೋ ಶಿವನೇ ಅನ್ನಬೇಕೋ, ಅಯ್ಯೋ ಬುದ್ಧನೇ ಅನ್ನಬೇಕೋ ಅವಳಿಗೆ ತಿಳಿಯಲಿಲ್ಲ. ನಲವತ್ತು ದಾಟಿದ ಗಂಡಸು, ಮೂರು ಫೇಸಿನ ಮೋಟಾರು ಬಿಚ್ಚಿ ಜೋಡಿಸುವವನು, ತನ್ನ ಕಣ್ಣಿನ ಚಿತ್ರದಲ್ಲಿ ಅಣ್ಣನ ರೋಗ ಹುಡುಕಿಕೊಂಡು ಅಳುತ್ತಿದ್ದಾನೆ! "ಹೆಸರು ಅಣ್ಣಂದೈತಲ್ಲ ಅತ್ತಿಗಿ, ಹತ್ತು ವರ್ಷ ಅಂತ ಹೇಳಿದ್ನಲ್ಲ, ಅದರ ಮ್ಯಾಲ ಮಿಷಿನ್ನು ಲೆಕ್ಕ ಹಾಕೈತಿ" ಎಂದು ಅವನು ಅವಳಿಗೇ ಬಿಡಿಸಿ ಹೇಳಿದ. ಹೊಗೆ ಸರ್ಟಿಫಿಕೇಟಿನ ಪಾಠವನ್ನು ಅಷ್ಟು ಚೆನ್ನಾಗಿ ಕಲಿತಿದ್ದ.

ಆದರೆ ಪಾಲಾಕ್ಷಪ್ಪನ ಗೋಳು ನಿಂತುಹೋಗಿತ್ತು. ಅವನು ಕೈ ತೆಗೆದು ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ತಮ್ಮನ ಕಣ್ಣನ್ನು ನೋಡಿದ, ಆಮೇಲೆ ನೆಲ ನೋಡಿದ. ಅವನು ದಡ್ಡನಲ್ಲ, ಅವನಿಗೆ ತಿಳಿಯಿತು.

"ಒಂದು ಕೆಲಸ ಮಾಡ್ತೀನಿ," ಎಂದ. "ನಾಳಿ ದಾವಣಗೆರಿಗಿ ಹೋಗಿ ಮೊದ್ಲು ನನ್ನ ಕಣ್ಣು ತೋರಿಸ್ಕೊಂಡು ಬರ್ತೀನಿ. ನಂದು ಚಲೋ ಐತಿ ಅಂದ್ರ, ಕೆಟ್ಟಿದ್ದು ಇವಂದು ಅಂತ ಆತು. ಮರುದಿನಾನ ಇವನ್ನ ಕರ್ಕೊಂಡು ಹೋಗ್ತೀನಿ."

ಮಾತು ಸರಿಯಾಗಿಯೇ ಇತ್ತು. ಗಂಡನ ಬಾಯಿಂದ ಸರಿಯಾದ ಮಾತು ಬಂದದ್ದಕ್ಕೆ ಭರಮಮ್ಮನಿಗೆ ಆಶ್ಚರ್ಯವೇ ಆಯಿತು. ಹೂಂ ಅಂದಳು.

ಮರುದಿನ ಅವನು ಬಂದಾಗ ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಹನಿ ಹಾಕಿಕೊಳ್ಳುವ ಪುಟ್ಟ ಬಾಟಲಿ. ಬಾಗಿಲ ಚೌಕಟ್ಟು ಹಿಡಿದು ತಡವರಿಸುತ್ತ ಒಳಗೆ ಬಂದು ಹಾಸಿಗೆಯ ಮೇಲೆ ಕೂತು ನಿಟ್ಟುಸಿರು ಬಿಟ್ಟ. "ಆ ಹುಡುಗಿ ಹೇಳಿದ್ದು ಖರೆ. ನನ್ನ ಕಣ್ಣ ಕೆಟ್ಟಾವ. ದಿನಾ ಎರಡು ಹೊತ್ತು ಹನಿ ಹಾಕ್ಕೋಬೇಕಂತ."

"ಇವನ ಕಣ್ಣಿನ ಫೋಟೊದಾಗ ನಿನ್ನ ರೋಗ ಹೆಂಗ ಬಂತು ಹಂಗಾರ?" ಭರಮಮ್ಮ ಬಿಡಲಿಲ್ಲ.

"ಒಂದೇ ಹೊಟ್ಟ್ಯಾಗ ಹುಟ್ಟಿದವರು. ಒಂದೇ ರಕ್ತ, ಒಂದೇ ನರ. ಫೋಟೊದಾಗ ವ್ಯತ್ಯಾಸ ತಿಳಿಯಂಗಿಲ್ಲಂತ, ಡಾಕ್ಟ್ರ ಹೇಳಿದ್ರು. ನೀ ಅವರಿಗಿಂತ ಹೆಚ್ಚು ಓದೀಯೇನು?"

ಅವಳಿಗೆ ನಂಬಿಕೆ ಬರಲಿಲ್ಲ. ಆದರೆ ಕನ್ನಡಕ ಎದುರಿಗಿತ್ತು, ಬಾಟಲಿ ಎದುರಿಗಿತ್ತು, ಕಣ್ಣು ಕೆಟ್ಟಿದೆ ಎಂದು ಯಾವ ಗಂಡಸು ಬೇಕೆಂದೇ ಹೇಳಿಕೊಳ್ಳುತ್ತಾನೆ? "ನೀನೂ ಒಮ್ಮಿ ಹೋಗಿ ಬಾರೋ" ಎಂದು ಭೀಮೇಶನಿಗೆ ಹೇಳಿದಳು. ಅವನು ನಕ್ಕ. ಬೇಸಿಗೆ ಬರುತ್ತಿತ್ತು, ಬೋರುಗಳು ಬತ್ತಿ ಮೋಟಾರುಗಳು ಸುಟ್ಟುಕೊಂಡು ಅಂಗಡಿಯ ಮುಂದೆ ರಾಶಿ ಬೀಳುವ ಕಾಲ. "ಮೊದ್ಲು ಅಣ್ಣಂದು ವಾಸಿ ಆಗ್ಲಿ ಅತ್ತಿಗಿ" ಎಂದ.

ಆಮೇಲೆ ಮನೆಯಲ್ಲಿ ನಡೆದದ್ದು ನಾಟಕ ಕಂಪನಿಯವರೂ ಮಾಡದ ನಾಟಕ. ಪಾಲಾಕ್ಷಪ್ಪ ಊಟಕ್ಕೆ ಕೂತರೆ ತಟ್ಟೆ ಕೈಗೇ ಕೊಡಬೇಕು. ಚಪ್ಪಲಿ ಕಾಲ ಬಳಿಗೇ ಬರಬೇಕು. ಭೀಮೇಶ್ ದಿನಾ ಸಂಜೆ ಅಂಗಡಿ ಮುಚ್ಚಿ ಮೋಸಂಬಿ ತಂದು, ಅಣ್ಣನ ತಲೆಯನ್ನು ಹಿಂದಕ್ಕೆ ವಾಲಿಸಿ, ತಾನೇ ಹನಿ ಹಾಕುತ್ತಿದ್ದ. ಪಾಲಾಕ್ಷಪ್ಪ "ಉರಿ ಉರಿ" ಎಂದು ಕಾಲು ಬಡಿಯುತ್ತಿದ್ದ. ಇಷ್ಟೆಲ್ಲ ಆದರೂ ಬೆಳಗಾದರೆ ಬಸ್ಸಿನ ಹಾರನ್ ಮಾತ್ರ ಎಂದಿನಂತೆ ಕೂಗುತ್ತಿತ್ತು.

ಒಂದು ಸಂಜೆ ಹನಿ ಮೂಗಿನ ಮೇಲೆ ಬಿತ್ತು. ಇನ್ನೊಂದು ಮೀಸೆಯ ಮೇಲೆ ಬಿತ್ತು.

"ಕಣ್ಣೆಲ್ಲಿ, ಮೂಗೆಲ್ಲಿ ಗೊತ್ತಾಗಂಗಿಲ್ಲೇನಲೇ?" ಎಂದು ಪಾಲಾಕ್ಷಪ್ಪ ಗದರಿದ.

"ಕರಿ ದಾರ ಅಡ್ಡ ಬರಾಕತ್ತೈತಣ್ಣ. ತಾಮ್ರದ ತಂತಿ ಸಿಡದು ಕಣ್ಣಾಗ ಕುಂತಿರಬೇಕು," ಎಂದು ಭೀಮೇಶ್ ಬಲಗಣ್ಣನ್ನು ತೋಳಿನಿಂದ ಉಜ್ಜಿಕೊಂಡ.

ಪಾಲಾಕ್ಷಪ್ಪ ಒಂದು ಗಳಿಗೆ ತಮ್ಮನ ಮುಖವನ್ನೇ ನೋಡಿದ. ಆಮೇಲೆ ತಮ್ಮನ ಮಣಿಕಟ್ಟು ಹಿಡಿದು, ಬಾಟಲಿಯನ್ನು ತನ್ನ ಕಣ್ಣಿನ ನೇರಕ್ಕೆ ತಂದುಕೊಂಡ. ಒಲೆಯ ಹತ್ತಿರ ನಿಂತಿದ್ದ ಭರಮಮ್ಮ ಅದನ್ನು ನೋಡಿ, ಇವನಿಗೂ ಒಂದಿಷ್ಟು ಕರುಳಿದೆ ಎಂದುಕೊಂಡಳು. ಆ ಮಾತನ್ನು ನೆನೆದು ಆಮೇಲೆ ಅವಳು ತನ್ನ ಮುಖಕ್ಕೇ ಉಗಿದುಕೊಳ್ಳಬೇಕಾಯಿತು.

ಅವಳನ್ನು ಕೊರೆಯುತ್ತಿದ್ದದ್ದು ಬಸ್ಸಿನ ಮಕ್ಕಳು. ಕಣ್ಣಲ್ಲಿ ರಕ್ತ ಸೋರುವವನು ದಿನಾ ಒಂದು ಬಸ್ಸು ಮಕ್ಕಳನ್ನು ತುಂಬಿಕೊಂಡು ಹೋಗುತ್ತಾನೆ. ಶಾಲೆಗೆ ಸುದ್ದಿ ಹೋಗಲಿಲ್ಲವೇ ಎಂದರೆ "ಕೊಟ್ಟೂರಿಂದ ಇನ್ನೂ ಚೀಟಿ ಬಂದಿಲ್ಲ" ಎನ್ನುತ್ತಾನೆ. ಬಿಡು ಎಂದರೆ "ಈ ವರ್ಷ ಮುಗೀಲಿ" ಎನ್ನುತ್ತಾನೆ. ಮತ್ತೆ ಕೇಳಿದರೆ "ಮನಿ ನಡೀಬೇಕಲ್ಲ" ಎನ್ನುತ್ತಾನೆ. ಯುಗಾದಿ ಹತ್ತಿರ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಇವನ ಕೆಲಸ ಹೋದರೆ ಹೋಗಲಿ, ನಾನು ದುಡಿದದ್ದರಲ್ಲಿ ಗಂಜಿ ಕುಡಿದರಾಯಿತು ಎಂದು, ಬಿಸಿಯೂಟದ ಪಾತ್ರೆ ತೊಳೆದಿಟ್ಟು ನೇರವಾಗಿ ಚೌಡಣ್ಣನ ಶಾಲೆಗೆ ನಡೆದಳು.

ಚೌಡಣ್ಣ ಫ್ಯಾನಿನ ಕೆಳಗೆ ಕೂತು ಮೊಬೈಲಿನಲ್ಲಿ ತನ್ನದೇ ಭಾಷಣ ನೋಡಿಕೊಳ್ಳುತ್ತಿದ್ದ.

"ಚೌಡಣ್ಣಾರ, ನಮ್ಮನಿಯವಂಗ ಕಣ್ಣು ಕೆಟ್ಟಾವ. ಅವನ ಕೈಯಾಗ ಬಸ್ಸು ಕೊಡಬ್ಯಾಡ್ರಿ," ಎಂದಳು.

ಚೌಡಣ್ಣ ಹೊಟ್ಟೆ ಕುಣಿಸಿ ನಕ್ಕ. "ಏನವ್ವಾ, ಗಂಡಾ ಹೆಂಡ್ತಿ ಜಗಳ ಆಗೈತೇನು? ಕೊಟ್ಟೂರಿನ ಮಿಷಿನ್ನು ಸುಳ್ಳು ಹೇಳಿತ್ತು ಬಿಡು. ನಿನ್ನ ಗಂಡ ಮರುದಿನಾನ ದಾವಣಗೆರಿ ಡಾಕ್ಟ್ರ ಕಡಿಂದ ಬರಿಸ್ಕೊಂಡು ಬಂದಾನ. ಪರದೆ ಛಲೋ ಐತಿ, ಗಾಡಿ ಓಡಿಸಬಹುದು, ವರ್ಷಕ್ಕೊಮ್ಮಿ ತೋರಿಸಿದ್ರ ಸಾಕು ಅಂತ. ಹುಡುಗನ ಕಣ್ಣು ಇದ್ದಂಗ ಅದಾವಂತ!"

"ಹನಿ ಕೊಟ್ಟಾರಲ್ರಿ?"

"ಅದು ಕಣ್ಣು ಒಣಗಬಾರದು ಅಂತ ಹಾಕ್ಕೊಳ್ಳೋದು. ನಾನೂ ಹಾಕ್ಕೋತೀನಿ ನೋಡು," ಎಂದು ಚೌಡಣ್ಣ ಮೇಜಿನ ಖಾನೆಯಿಂದ ಅಂಥದೇ ಬಾಟಲಿ ತೆಗೆದು ತೋರಿಸಿದ.

ಭರಮಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಣ್ಣನ ಕಣ್ಣು ಚೆನ್ನಾಗಿದ್ದರೆ ಕೆಟ್ಟಿದ್ದು ತಮ್ಮನ ಕಣ್ಣು. ಹಾಗೆಂದು ಗಂಡನೇ ಬಾಯಾರೆ ಹೇಳಿದ್ದ. ಮರುದಿನವೇ ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳಿದ್ದ. ತಮ್ಮ ಆಸ್ಪತ್ರೆಗೆ ಹೋದರೆ ಕೊಟ್ಟೂರಿನಲ್ಲಿ ಕೂತವನು ಯಾರು ಎಂಬುದು ಹೊರಬೀಳುತ್ತದೆ, ಕೆಲಸ ಹೋಗುತ್ತದೆ. ಅದಕ್ಕೇ ಶಾಲೆಗೆ ಒಂದು ಕಣ್ಣು, ಮನೆಗೆ ಒಂದು ಕಣ್ಣು. ಮಣಿಕಟ್ಟು ಹಿಡಿದು ಹನಿ ಹಾಕಿಸಿಕೊಂಡ ಆ ಕೈ! ಅದನ್ನು ಕರುಳು ಎಂದುಕೊಂಡೆನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಅಲ್ಲಿಂದ ಅವಳು ಹಡಗಲಿ ರಸ್ತೆಗೆ ನಡೆದದ್ದಲ್ಲ, ಓಡಿದ್ದು. ಭೀಮೇಶ್ ಮೋಟಾರಿನ ಮೇಲೆ ಬಗ್ಗಿ ಕೂತು, ಮುಖವನ್ನು ತಂತಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದಿದ್ದ. ಅವನ ಹೆಂಡತಿ ರಮಾ ಪಕ್ಕದಲ್ಲಿ ನಿಂತು ತಂತಿಯ ತುದಿಗಳನ್ನು ಹುಡುಕಿ ಕೊಡುತ್ತಿದ್ದಳು. ಎಂದಿನಿಂದ ಹೀಗೆ ಎಂದರೆ, "ಒಂದು ವಾರ ಆತಕ್ಕ, ನಾನಿಲ್ದ ತುದಿ ಸಿಗಂಗಿಲ್ಲ ಅಂತಾರ" ಎಂದಳು.

"ಭೀಮೇಶಿ, ಎಡಗಣ್ಣು ಮುಚ್ಚು," ಎಂದಳು ಭರಮಮ್ಮ.

ಅವನು ಅಂಗೈಯಿಂದ ಮುಚ್ಚಿದ.

"ನಾ ಕಾಣ್ತೀನೇನು?"

ಭೀಮೇಶ್ ತಲೆಯನ್ನು ಅತ್ತ ಇತ್ತ ತಿರುಗಿಸಿದ. "ಕರೆಂಟ್ ಹೋತೇನು ಅತ್ತಿಗಿ?" ಎಂದ.

ರಮಾ ಬಾಯಿಗೆ ಸೆರಗು ಒತ್ತಿಕೊಂಡಳು. ಹೊರಗೆ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಆ ಕೂಡಲೇ ಸಿಕ್ಕ ಬಸ್ಸು ಹತ್ತಿ ದಾವಣಗೆರೆಗೆ ಹೋದರು. ಕಣ್ಣಿಗೆ ಹನಿ ಹಾಕಿ ಕೂರಿಸಿದರು, ಮತ್ತೆ ಅದೇ ಥರದ ಯಂತ್ರ, ಅದೇ ಮಿಂಚು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಅಷ್ಟೆತ್ತರಕ್ಕೆ ಹೋಗಿತ್ತು. ಡಾಕ್ಟರಮ್ಮ ನಿಧಾನವಾಗಿ ಹೇಳಿದಳು. ಬಲಗಣ್ಣಿನ ಒಳಗೆಲ್ಲ ರಕ್ತ ತುಂಬಿಕೊಂಡಿದೆ, ಪರದೆ ಕಿತ್ತು ಬಂದಿದೆ. ಆಪರೇಷನ್ ಮಾಡಿದರೂ ಬೆಳಕು, ನೆರಳು ತಿಳಿದರೆ ಹೆಚ್ಚು. ಎಡಗಣ್ಣಿಗೆ ಇವತ್ತೇ ಲೇಸರ್ ಶುರು ಮಾಡಿದರೆ ಅದನ್ನು ಉಳಿಸಿಕೊಳ್ಳಬಹುದು.

"ಎರಡು ತಿಂಗಳ ಹಿಂದೆಯೇ ಬರಬೇಕಿತ್ತು. ಎರಡೂ ಉಳೀತಿದ್ವು. ಮೊದಲು ಎಲ್ಲೂ ಫೋಟೊ ತೆಗೆಸಿರಲಿಲ್ವಾ?" ಎಂದು ಕೇಳಿದಳು.

ಭೀಮೇಶ್ ಅತ್ತಿಗೆಯ ಕಡೆ ಮುಖ ತಿರುಗಿಸಿದ. ಭರಮಮ್ಮ ಏನನ್ನೂ ಮುಚ್ಚಿಡದೆ ಹೇಳಿದಳು. ಕೊಟ್ಟೂರಿನ ಫೋಟೊ, ಅಣ್ಣನ ಹೆಸರು, ಮರುದಿನ ಚೌಡಣ್ಣನ ಕೈ ಸೇರಿದ ಚೀಟಿ, ಕಪ್ಪು ಕನ್ನಡಕ, ಎಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

ಹೊರಗೆ ಬೆಂಚಿನ ಮೇಲೆ ಲೇಸರ್‌ಗೆ ಕಾಯುತ್ತ ಕೂತಾಗ ಭೀಮೇಶ್ "ಅಣ್ಣಗ ಗೊತ್ತಿತ್ತೇನು ಅತ್ತಿಗಿ?" ಎಂದ.

"ಗೊತ್ತಿತ್ತು."

"ಹನಿ ಮೂಗಿನ ಮ್ಯಾಲ ಬಿದ್ದ ದಿನಾನೂ?"

"ಅವತ್ತೂ ಗೊತ್ತಿತ್ತು."

ಅವನು ಹೂಂ ಎಂದ. ರಮಾ ಅಳತೊಡಗಿದಳು. ಅವನು ಅವಳ ಕೈಯನ್ನು ಹುಡುಕಿ ಹಿಡಿದುಕೊಂಡ.

ಅಷ್ಟರಲ್ಲಿ ಭರಮಮ್ಮನ ಫೋನು ಹೊಡೆದುಕೊಂಡಿತು. ಪಾಲಾಕ್ಷಪ್ಪ. ಓಣಿಯವರು ಯಾರೋ ಸುದ್ದಿ ಮುಟ್ಟಿಸಿದ್ದರು. ಅವಳು ಕಿವಿಗಿಟ್ಟುಕೊಂಡಳು. ತಮ್ಮ ಹೇಗಿದ್ದಾನೆ ಎಂದು ಕೇಳುತ್ತಾನೆ, ಆಗ ಬಾಯಿಗೆ ಬಂದಂತೆ ಬೈಯಬೇಕು ಎಂದು ಮಾತು ಜೋಡಿಸಿಕೊಂಡಿದ್ದಳು. ಅವನು ದನಿ ತಗ್ಗಿಸಿ ಕೇಳಿದ್ದು ಒಂದೇ ಮಾತು.

"ಅಲ್ಲಿ ನನ್ನ ಹೆಸರು ಹೇಳಿದೀಯೇನಲೇ?"

ಭರಮಮ್ಮ ಬೈಯಲಿಲ್ಲ. ಬೈಗುಳಕ್ಕೂ ಒಂದು ಯೋಗ್ಯತೆ ಬೇಕು. ಫೋನ್ ಇಟ್ಟಳು.

ಮರುದಿನ ಅವಳು ಮತ್ತೆ ಚೌಡಣ್ಣನ ಮುಂದೆ ನಿಂತಿದ್ದಳು. ಸಂಜೆಯ ಟ್ರಿಪ್ಪಿಗೆ ಮಕ್ಕಳು ಬಸ್ಸು ಹತ್ತುತ್ತಿದ್ದರು. ಪಾಲಾಕ್ಷಪ್ಪ ಅವಳನ್ನು ಕಂಡವನೇ ಬಸ್ಸಿನಿಂದ ಧುಮುಕಿ ಹಿಂದೆಯೇ ಓಡಿ ಬಂದಿದ್ದ.

"ಚೌಡಣ್ಣಾರ, ನಿನ್ನಿ ನಾ ಹೇಳಿದ್ದು ತಪ್ಪಾತು. ಇವನ ಕಣ್ಣು ಛಲೋನ ಅದಾವ," ಎಂದಳು. "ಕೊಟ್ಟೂರಾಗ ಇವನ ಹೆಸರು ಹೇಳಿ ಕುಂತಾವ ಇವನ ತಮ್ಮ. ಕೆಟ್ಟ ಕಣ್ಣು ಅವಂದು. ಅವಂಗ ಕಣ್ಣು ಹೋಗಾಕತ್ತಿದ್ದನ್ನ ಇವ ದಿನಾ ಎದುರಿಗಿ ಕುಂತು ನೋಡಿದ. ನೋಡಿ ಸುಮ್ಮನಾದ. ನಾಳಿ ನಿಮ್ಮ ಬಸ್ಸಿನಾಗ ಒಂದು ಕೂಸು ಬಿದ್ರೂ ನೋಡಿ ಸುಮ್ಮನಾಗ್ತಾನ. ಇಟ್ಕೊಳ್ಳೋದು ಬಿಡೋದು ನಿಮಗ ಬಿಟ್ಟಿದ್ದು."

"ಹುಚ್ಚಿ ಆಗ್ಯಾಳ ಸರ್, ಏನೇನೋ ಮಾತಾಡ್ತಾಳ," ಎಂದು ಪಾಲಾಕ್ಷಪ್ಪ ಹಲ್ಲು ಗಿಂಜಿದ.

ಚೌಡಣ್ಣನಿಗೆ ಮಕ್ಕಳ ಚಿಂತೆ ಎಷ್ಟು ಹತ್ತಿತೋ ಗೊತ್ತಿಲ್ಲ, ಶಾಲೆಯ ಹೆಸರಿನ ಚಿಂತೆ ಚೆನ್ನಾಗಿಯೇ ಹತ್ತಿತು. ಅವತ್ತು ಬಸ್ಸನ್ನು ಬೇರೆ ಡ್ರೈವರ್ ಓಡಿಸಿದ.

ಪಾಲಾಕ್ಷಪ್ಪ ಒಂದು ವಾರ ಮನೆಯಲ್ಲಿ ಮುಸುಕು ಹಾಕಿ ಮಲಗಿದ. ಆಮೇಲೆ ಎದ್ದು, ಮೀಸೆ ಬಾಚಿಕೊಂಡು, ಓಣಿಯಲ್ಲಿ ಹೊಸ ಪುರಾಣ ಶುರು ಮಾಡಿದ. ತಮ್ಮನಿಗೆ ಕಣ್ಣಿಲ್ಲದಂತಾಯಿತು, ಅವನ ಅಂಗಡಿ ನೋಡಿಕೊಳ್ಳುವವರು ಬೇಕಲ್ಲ, ಅದಕ್ಕೆ ತಾನೇ ಕೆಲಸ ಬಿಟ್ಟೆನಂತೆ! ಹೇಳಿದ್ದು ಸಾಲದೆಂದು ದಿನಾ ಬೆಳಿಗ್ಗೆ ಹೋಗಿ ಆ ಅಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರತೊಡಗಿದ. ಬಂದ ಗಿರಾಕಿಗಳಿಗೆಲ್ಲ ತನ್ನ ತ್ಯಾಗ ಬಣ್ಣಿಸುತ್ತಿದ್ದ. ಕೇಳಿದ ಕೆಲವರು ಲೊಚಗುಟ್ಟಿ, ಇಂಥ ಅಣ್ಣ ಎಲ್ಲರಿಗೂ ಸಿಗಲಿ ಎಂದು ಹೋಗುತ್ತಿದ್ದರು. ಭೀಮೇಶ್ ಬಗ್ಗಿ ತಂತಿ ಸುತ್ತುತ್ತಿದ್ದ.

ಆ ಮಧ್ಯಾಹ್ನ ಭರಮಮ್ಮ ಭೀಮೇಶನಿಗೆ ನವಣೆ ಅನ್ನದ ಬುತ್ತಿ ತಂದಿದ್ದಳು. ಅವನು ಉಳಿದ ಒಂದು ಕಣ್ಣನ್ನು ಕಿರಿದು ಮಾಡಿಕೊಂಡು ತಂತಿಯನ್ನು ಜಾಗಕ್ಕೆ ಕೂರಿಸಲು ಒದ್ದಾಡುತ್ತಿದ್ದ. ತಂತಿ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಬಾಗಿಲಲ್ಲಿ ಬೆಂಚು ಎಳೆದುಕೊಂಡು ಕೂತಿದ್ದ ಪಾಲಾಕ್ಷಪ್ಪ ಕೂಡ್ಲಿಗಿಯಿಂದ ಬಂದ ರೈತನೊಬ್ಬನಿಗೆ, "ಒಡಹುಟ್ಟಿದವನ ಕಣ್ಣಿಗಿಂತ ನೌಕರಿ ಹೆಚ್ಚೇನ್ರಿ?" ಎಂದು ಹೇಳುತ್ತಿದ್ದ.

ಭೀಮೇಶ್ ತಂತಿ ಕೆಳಗಿಟ್ಟ. ತಲೆ ಎತ್ತಲಿಲ್ಲ. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದವನು ಗಿರಾಕಿಯ ಮುಂದೆಯೇ ಹೇಳಿದ:

"ಬೆಳಕಿಗಿ ಅಡ್ಡ ಕುಂತೀಯಲೇ. ಎದ್ದು ಹೊರಗ ಹೋಗು."

ಪಾಲಾಕ್ಷಪ್ಪ ಹೆಂಡತಿಯ ಮುಖ ನೋಡಿದ, ರೈತನ ಮುಖ ನೋಡಿದ. ಭರಮಮ್ಮ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಅವನು ಎದ್ದು ಹೊರಗೆ ಹೋದ.